ಅತ್ತೆಯ ಬೀಸುವ ಧಾಟಿ

ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಒಂದು ವಾಸನೆ ಇರುತ್ತದೆ. ಅರ್ಧ ಕಾಳಿನದು, ಅರ್ಧ ಕಾದ ಕಲ್ಲಿನದು. ಗೋಕಾಕದಲ್ಲಿ ನಮ್ಮ ಓಣಿಯ ಮೂಲೆಗೆ ಒಂದು ಹಿಟ್ಟಿನ ಗಿರಣಿ ಇದೆ. ಭಾನುವಾರ ಬೆಳಿಗ್ಗೆ ಜೋಳದ ಡಬ್ಬಿ ಎತ್ತಿಕೊಂಡು ಅಲ್ಲಿಗೆ ಹೋಗುತ್ತೇನೆ. ನಾನು ತಟ್ಟಿದ ರೊಟ್ಟಿಯ ಅಂಚು ಯಾವಾಗಲೂ ಸೀಳುತ್ತದೆ. ತಪ್ಪು ನನ್ನ ಕೈಯದಲ್ಲ, ಹಳೆಯ ಹಿಟ್ಟಿನದು ಎಂದು ನಂಬಿಕೊಂಡು ವಾರವಾರವೂ ತಾಜಾ ಬೀಸಿಸಿಕೊಂಡು ಬರುತ್ತೇನೆ. ಅಂಚು ಸೀಳುವುದು ನಿಂತಿಲ್ಲ, ನಂಬಿಕೆಯೂ ಹೋಗಿಲ್ಲ.

ಕಳೆದ ಭಾನುವಾರ ಗಿರಣಿಯ ಸಿದ್ರಾಯಣ್ಣನ ಮೊಬೈಲು ಗೋಡೆಯ ಮೊಳೆಗೆ ನೇತಾಡುತ್ತ ಆ ಹಾಡನ್ನು ಹಾಡುತ್ತಿತ್ತು. ಯಾವ ಹಾಡು ಎಂದು ನಾನು ಬರೆಯುವುದಿಲ್ಲ. ಮದುವೆಯ ಮಂಟಪದಲ್ಲಿ, ಹುಕ್ಕೇರಿಯ ಬಸ್ಸಿನಲ್ಲಿ, ಯಾರದೋ ಫೋನು ಮೊಳಗಿದಾಗ, ನೀವೂ ಕೇಳಿರುತ್ತೀರಿ. ಎಷ್ಟೋ ವರ್ಷ ನಾನೂ ಆ ಹಾಡು ಬಂದಾಗ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕಿದವಳೇ. ಈ ಸಲ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ರಸ್ತೆಗೆ ಬಂದು ನಿಂತೆ. ಏಕೆಂದು ಹೇಳಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಧಾನವಾಗಿ ಹೋಗುತ್ತೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿಕೊಂಡು ಹೋಗಬೇಕಾಗಿದೆ.

ಆ ಹಾಡಿಗೆ ರಾಗ ಹಾಕಿದ ಸಂಗೀತ ನಿರ್ದೇಶಕರು ಹೋದ ವರ್ಷ ತೀರಿಕೊಂಡರು. ಟೀವಿಯಲ್ಲಿ ದಿನವಿಡೀ ಅವರ ಹಾಡುಗಳೇ. ನಾನು ಗಣಿತ ಕಲಿಸುವ ಮೂಡಲಗಿಯ ಹೈಸ್ಕೂಲಿನಲ್ಲೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿದೆವು. ದೇಶಕ್ಕೆಲ್ಲ ಅವರು ದೊಡ್ಡ ಹೆಸರು. ನನ್ನ ತವರು ಮೇಲವಂಕಿಯಲ್ಲಿ ಮಾತ್ರ ಅವರು ಇವತ್ತಿಗೂ ಪೇಟಿ ಪರಸು. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಎನ್ನುತ್ತೇವೆ.

ನಾನು ಹೇಳಹೊರಟದ್ದು ಅವರ ವಿಷಯವಲ್ಲ, ನನ್ನ ಅಪ್ಪನ ತಂಗಿ ಲಗಮವ್ವತ್ತೆಯ ವಿಷಯ. ಅದಕ್ಕೂ ಮೊದಲು ಧಾಟಿ ಎಂದರೇನೆಂದು ಹೇಳಬೇಕು. ಈ ಒಂದು ಮಾತು ತಿಳಿಯದಿದ್ದರೆ ಅತ್ತೆಯ ಬದುಕಿನಲ್ಲಿ ಆದದ್ದು ಯಾವುದೂ ಅರ್ಥವಾಗುವುದಿಲ್ಲ.

ಹಳ್ಳಿಗೆ ಗಿರಣಿ ಬರುವ ಮೊದಲು ನಸುಕಿನಲ್ಲಿ ಮನೆಮನೆಯಲ್ಲೂ ಬೀಸುವ ಕಲ್ಲು ತಿರುಗುತ್ತಿತ್ತು. ಬೀಸುವಾಗ ಹೆಂಗಸರು ಹಾಡುತ್ತಿದ್ದರು. ಹಾಡಿನ ಮಾತು ಎಲ್ಲರದೂ ಒಂದೇ, ಧಾಟಿ ಮಾತ್ರ ಬೇರೆ ಬೇರೆ. ಕೈಯ ಬಲ, ಉಸಿರಿನ ಉದ್ದ, ಕಲ್ಲಿನ ತೂಕ, ಅವ್ವನಿಂದ ಬಂದ ಎಳೆತ, ಎಲ್ಲ ಸೇರಿ ಒಬ್ಬೊಬ್ಬಳಿಗೆ ಒಂದೊಂದು ಧಾಟಿ ಆಗುತ್ತಿತ್ತು. ನೆರೆಮನೆಯ ತಂಗೆವ್ವನ ಧಾಟಿಯಲ್ಲಿ ನಡುವೆ ಒಂದು ಕೆಮ್ಮು ಇತ್ತಂತೆ. ಕೆಮ್ಮು ವಾಸಿಯಾದ ಮೇಲೂ ಆ ಜಾಗಕ್ಕೆ ಬಂದಾಗ ಕೆಮ್ಮುತ್ತಿದ್ದಳಂತೆ, ಇಲ್ಲದಿದ್ದರೆ ಮುಂದಿನ ಸಾಲು ಏಳುತ್ತಿರಲಿಲ್ಲ. ಕತ್ತಲಲ್ಲಿ ನೀರಿಗೆ ಹೋಗುವ ಹೆಂಗಸರು ಓಣಿಯಲ್ಲಿ ನಡೆಯುತ್ತ, ಈ ಮನೆಯಲ್ಲಿ ಸೊಸೆ ಎದ್ದಿದ್ದಾಳೆ, ಆ ಮನೆಯಲ್ಲಿ ಇವತ್ತು ಅತ್ತೆಯೇ ಕುಳಿತಿದ್ದಾಳೆ ಎಂದು ಕಿವಿಯಿಂದಲೇ ತಿಳಿಯುತ್ತಿದ್ದರು. ಮುಖ ಮುಚ್ಚಿಕೊಂಡು ಹೋದರೆ ಗುರುತು ಸಿಗದೆ ಹೋಗಬಹುದಿತ್ತು, ಧಾಟಿ ಕೇಳಿಸಿದರೆ ಗುರುತು ತಪ್ಪುತ್ತಿರಲಿಲ್ಲ. ಗಂಡಸರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಅದೆಲ್ಲ ಒಂದೇ ಗುಂಯ್‌ಗುಡುವ ಸದ್ದು, ಇನ್ನೂ ನಿದ್ದೆ ಮಾಡಬಹುದು ಎಂಬ ಸೂಚನೆ.

ನಮ್ಮ ಮನೆಯಲ್ಲಿ ಧಾಟಿ ಸೋದರತ್ತೆಯಿಂದ ಸೊಸೆಗೆ, ಎಂದರೆ ಅಣ್ಣನ ಮಗಳಿಗೆ ಇಳಿಯುವ ರೂಢಿ. ಆ ಲೆಕ್ಕದಲ್ಲಿ ಅತ್ತೆಯ ಧಾಟಿ ನನಗೆ ಬರಬೇಕಾಗಿತ್ತು.

ಆಗ ಊರ ಹುಡುಗರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಕಲಿಸಲು ಹೊರಗಿನಿಂದ ಪೇಟಿ ಮಾಸ್ತರರನ್ನು ಕರೆಸಿ, ತಾಲೀಮು ಮುಗಿಯುವವರೆಗೆ ಊಟ ವಸತಿ ಊರೇ ನೋಡಿಕೊಳ್ಳುತ್ತಿತ್ತು. ಆ ಸಲ ಬಂದ ಮಾಸ್ತರರೊಂದಿಗೆ ಅವರ ಅಕ್ಕನ ಮಗ ಪರಸು ಇದ್ದ. ಮೀಸೆ ಆಗಷ್ಟೇ ಮೂಡುತ್ತಿದ್ದ ವಯಸ್ಸು. ಇಬ್ಬರಿಗೂ ನಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಆ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯ ಈ ಬದಿಗೆ ಬೀಸುವ ಕಲ್ಲು.

ಮುಂದಿನದನ್ನು ಅತ್ತೆ ನನಗೆ ಹೇಳಿದ್ದು ಹೋದ ವರ್ಷವಷ್ಟೇ, ಎಪ್ಪತ್ತು ದಾಟಿದ ಮೇಲೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಗೋಕಾಕದಿಂದ ಒಯ್ದ ಕರದಂಟನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದಳು. ಹಲ್ಲಿಲ್ಲದವಳಿಗೆ ಕರದಂಟು ಒಯ್ಯುವ ನನ್ನ ಜಾಣತನಕ್ಕೆ ಏನು ಹೇಳಲಿ.

“ಒಂದ ದಿನಾ ಬೀಸಿ ಮುಗಿಸಿ ಏಳಬೇಕಂದ್ನಿ. ಗ್ವಾಡಿ ಆಚಿಕಡಿಂದ ನನ್ನ ಧಾಟಿ ಬಂತವ್ವಾ. ಸಣ್ಣಗ. ಪೇಟಿ ಮ್ಯಾಲ. ನಾ ಬೆದರಿ ಬಿಟ್ನಿ. ಯಾರೋ ನನ್ನ ಸೀರಿ ಉಟ್ಕೊಂಡ ಎದರ ಬಂದಂಗಾತು.”

“ಸಿಟ್ಟ ಬಂತನ?” ಎಂದು ಕೇಳಿದೆ.

“ಸಿಟ್ಟ ಎಲ್ಲಿದು. ಮರದಿನಾ ಅರ್ಧಾ ಪಾವ ಜ್ವಾಳಾ ಹೆಚ್ಚಿಗಿ ಹಾಕ್ಕೊಂಡ ಕುಂತ್ನಿ.”

ಹಾಗೆ ನಡೆಯಿತು. ಅವಳು ಎರಡು ಸಾಲು ಹಾಡಿದರೆ ಪೇಟಿ ಮೂರನೆಯದನ್ನು ನುಡಿಯುತ್ತಿತ್ತು. ತಪ್ಪಿದರೆ ಅವಳು ತಿದ್ದಿ ಹಾಡುತ್ತಿದ್ದಳು. ಅವಳ ಧಾಟಿ ಮೂರನೆಯ ಸಾಲಿಗೆ ಕೆಳಗೆ ಇಳಿಯುತ್ತಿತ್ತು. ಅವನ ಬೆರಳು ಪ್ರತಿಸಲ ಮೇಲಕ್ಕೆ ಹೋಗುತ್ತಿತ್ತಂತೆ. “ಎಷ್ಟ ತಿದ್ದಿದರೂ ಅಷ್ಟ. ಇಳಿಯಾಕ ಬರತಿದ್ದಿಲ್ಲ ಅದಕ್ಕ,” ಎಂದಳು. ಅವನು ಎನ್ನಲಿಲ್ಲ, ಅದು ಎಂದಳು. ಹಗಲಿನಲ್ಲಿ ಊಟದ ಬುಟ್ಟಿ ಕೊಡುವಾಗ ಇಬ್ಬರೂ ತಲೆ ಎತ್ತುತ್ತಿರಲಿಲ್ಲ. ಎರಡು ಸುಗ್ಗಿ ಹೀಗೆ. ಇದನ್ನು ಪ್ರೀತಿ ಎನ್ನಬೇಕೋ ಬೇಡವೋ ಎಂದು ನಾನು ಯೋಚಿಸಿದ್ದೇನೆ. ಬೇರೆ ಹೆಸರು ಸಿಕ್ಕಿಲ್ಲ.

ಎರಡನೆಯ ವರ್ಷ ನಾಟಕ ಮುಗಿದು ಮಾಸ್ತರರು ಹೊರಡುವ ನಸುಕಿನಲ್ಲಿ ಗೋಡೆಯಾಚೆಯಿಂದ ಮೊದಲ ಸಲ ಮಾತು ಬಂತು: “ಬರ್ತೀಯೇನ?” ಅತ್ತೆ ಕಲ್ಲು ನಿಲ್ಲಿಸಲಿಲ್ಲ. ಕಲ್ಲಿನ ಸದ್ದು ನಿಂತರೆ ಒಳಗೆ ಮಲಗಿದ್ದ ಅವಳ ಅವ್ವನಿಗೆ ಎಚ್ಚರವಾಗುತ್ತಿತ್ತು.

“ನೀ ಏನಂದಿ?”

“ಹೂಂ ಅಂದ್ನಿ.” ಕರದಂಟನ್ನು ಕೆಳಗಿಟ್ಟು ಅಂದಳು, “ಕಲ್ಲಿನ ಸಪ್ಪಳದಾಗ ಅಂದ್ನಿ. ಅಂವಗ ಕೇಳಿತೋ ಇಲ್ಲೋ. ಕೇಳಿಲ್ಲಂತ ತಿಳಕೊಂಡೇನಿ. ಹಂಗ ತಿಳಕೊಂಡ್ರ ಹಗರ ಆಕ್ಕತಿ.”

ಹೊರಗೆ ಚಕ್ಕಡಿ ಹೊರಟ ಸದ್ದು ಕೇಳಿಸಿತು. ಅವಳು ಬುಟ್ಟಿಯಲ್ಲಿದ್ದ ಜೋಳವನ್ನು ಬೀಸಿ ಮುಗಿಸಿ ಎದ್ದಳು.

ಮರುವರ್ಷ ಅವಳನ್ನು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಕೊಟ್ಟರು. ಹೊಲಮನೆ ಚೆನ್ನಾಗಿದ್ದ ಕುಟುಂಬ. ಮಾವ, ಎಂದರೆ ಅತ್ತೆಯ ಗಂಡ, ಕಡಿಮೆ ಮಾತಿನ ಮನುಷ್ಯ, ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಮೂರು ವರ್ಷದ ಮೇಲೆ ಅವಳು ಬಸುರಿಯಾಗಿ ಏಳನೆಯ ತಿಂಗಳಿಗೆ ಕುಬಸದ ಕಾರ್ಯವಾಯಿತು. ತವರಿನ ಹೆಂಗಸರು ಹಸಿರು ಸೀರೆ, ಹಸಿರು ಬಳೆ, ಹೋಳಿಗೆಯ ಬುಟ್ಟಿ ಹೊತ್ತು ಚಕ್ಕಡಿ ಕಟ್ಟಿಕೊಂಡು ಹೋದರು. ಇಲ್ಲಿಂದ ನಾನೂ ಸಾಕ್ಷಿ. ನಾನು ಚಿಕ್ಕವಳು, ಅವ್ವನ ತೊಡೆಯ ಮೇಲೆ ತುಪ್ಪ ಸೋರುವ ಹೋಳಿಗೆ ಹಿಡಿದು ಕುಳಿತಿದ್ದೆ. ಅಂಗಳದ ಬೇವಿನ ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿದ್ದರು. ಅತ್ತೆ ನಡುವೆ ಕುಳಿತಿದ್ದಳು, ಅವಳ ಅತ್ತೆ ಬಳೆ ಇಡಿಸುತ್ತಿದ್ದಳು. ಪರಸು ಸಿನಿಮಾ ಸಂಗೀತಕ್ಕೆ ಸೇರಿದ ಸುದ್ದಿ ಅಷ್ಟರಲ್ಲಿ ಮೇಲವಂಕಿಗೆ ಬಂದಿತ್ತು. ಆಗ ಹೊಸ ಸಿನಿಮಾದ ರೆಕಾರ್ಡು ಹಾಕಿದರು.

ಮೊದಲು ತಲೆ ಎತ್ತಿದವಳು ತಂಗೆವ್ವ. ಅವಳ ಮುಖದಲ್ಲಿ ಆ ಸಂತೋಷ ನನಗೆ ಈಗಲೂ ಕಾಣುತ್ತದೆ.

“ಯವ್ವಾ, ಕೇಳ್ರಬೇ! ಇದು ನಮ್ಮ ಲಗಮಿ ಧಾಟಿ! ನಮ್ಮ ಲಗಮಿ ಮೂರನೇ ಸಾಲಿಗೆ ಕೆಳಗ ಇಳೀತಿದ್ಲು, ಇವ್ರು ಮ್ಯಾಲ ಹತ್ತಿಸ್ಯಾರ, ಅಷ್ಟ! ಆ ಪೇಟಿ ಪರಸ್ಯಾ ಕಲತಾನ ನೋಡ್ರಿ!”

ತವರಿನ ಹೆಂಗಸರೆಲ್ಲ ಕಿವಿಗೊಟ್ಟರು. ಹೌದು ಹೌದು ಎಂದರು. ಒಬ್ಬಳು ಅತ್ತೆಯ ಗಲ್ಲ ಸವರಿ ಲಟಿಕೆ ಮುರಿದಳು. ತಮ್ಮೂರ ಮಗಳ ಧಾಟಿ ಸಿನಿಮಾಕ್ಕೆ ಹೋಗಿದೆ, ಅದನ್ನು ಬೀಗರ ಅಂಗಳದಲ್ಲಿ ಹೇಳಿಕೊಳ್ಳದೆ ಇನ್ನೆಲ್ಲಿ ಹೇಳಿಕೊಳ್ಳಬೇಕು? ಅವರು ಮಾಡಿದ್ದು ಅಷ್ಟೇ. ಬಳೆ ಇಡಿಸುತ್ತಿದ್ದ ಅತ್ತೆಯ ಅತ್ತೆ ಕೈ ನಿಲ್ಲಿಸಲಿಲ್ಲ, ದನಿ ಏರಿಸಲಿಲ್ಲ.

“ಹೌದನಬೇ? ಬೀಸೂದು ಅಡಗಿ ಮನ್ಯಾಗ. ಕೇಳಿದಂವ ಎಲ್ಲಿ ಕುಂತಿದ್ದ?”

ರೆಕಾರ್ಡು ಮುಗಿಯುವ ತನಕ ಹಾಡಿತು. ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಮಾವ ಕೊಡವನ್ನು ಕೆಳಗಿಟ್ಟು ಹೊರಗೆ ಹೋದರು. ನನ್ನ ಅವ್ವ ನನ್ನ ಕೈಯಿಂದ ಹೋಳಿಗೆ ತೆಗೆದುಕೊಂಡಳು. ಏಕೆ ತೆಗೆದುಕೊಂಡಳು ಎಂದು ನಾನು ಅಳತೊಡಗಿದೆ. ಆ ಅಂಗಳದಲ್ಲಿ ಅವತ್ತು ಅತ್ತವಳು ನಾನೊಬ್ಬಳೇ.

ಆಮೇಲೆ ಹೊಡೆತವಿಲ್ಲ, ಬೈಗುಳವಿಲ್ಲ, ತವರಿಗೆ ಕಳಿಸುವ ಮಾತಿಲ್ಲ. ಮರುದಿನ ಮಾವ ಬೀಸುವ ಕಲ್ಲಿನ ಎರಡೂ ಭಾಗ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಇಟ್ಟರು, ಬಟ್ಟೆ ಒಗೆಯಲು. ಇನ್ನು ಮುಂದೆ ಹಿಟ್ಟು ಗಿರಣಿಯಲ್ಲೇ ಆಗಬೇಕು ಎಂದರು. ಘೋಡಗೇರಿಯಲ್ಲಿ ಆಗಿನ್ನೂ ಗಿರಣಿ ಇರಲಿಲ್ಲ. ವಾರಕ್ಕೊಮ್ಮೆ ತಾವೇ ಜೋಳದ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಹುಕ್ಕೇರಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದ್ದರು. ಮಳೆ ಇರಲಿ, ಜ್ವರ ಇರಲಿ, ಒಂದು ವಾರವೂ ತಪ್ಪಿಸಲಿಲ್ಲ.

ಊರ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. “ಲಗಮವ್ವಾ, ನೀ ಪುಣ್ಯಾ ಮಾಡಿ ಬಿಡವಾ. ನಮ್ಮ ಗಂಡಂದ್ರು ನಾವು ಸತ್ರೂ ಕಲ್ಲಿನ ಮುಂದಿಂದ ಏಳಸೂದಿಲ್ಲ!” ನಾನೂ ಬೆಳೆಯುತ್ತ ಮಾವನನ್ನು ಹಾಗೆಯೇ ನೋಡಿದೆ. ನನ್ನ ಮದುವೆಗೆ ಮಾತು ನಡೆದಾಗ, ಘೋಡಗೇರಿ ಮಾವನಂಥ ಗಂಡು ಬೇಕು ಎಂದಿದ್ದೆ. ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. “ಅಂಥಾದ್ದ ಬ್ಯಾಡ ಮಗಳ,” ಎಂದಳು. ದೃಷ್ಟಿ ತಾಗೀತೆಂದು ಹಾಗನ್ನುತ್ತಾಳೆ ಎಂದುಕೊಂಡೆ.

ಮಗ ಹುಟ್ಟಿದ. ಭೀಮಶಿ ಎಂದು ಹೆಸರಿಟ್ಟರು. ಮಾವ ಮಗುವಿನ ಮುಖವನ್ನು ಬಹಳ ಹೊತ್ತು ನೋಡುತ್ತಿದ್ದರಂತೆ, ಎತ್ತಿಕೊಳ್ಳುತ್ತಿರಲಿಲ್ಲವಂತೆ. ನಾನು ಗಣಿತದವಳು. ಪರಸು ಊರು ಬಿಟ್ಟದ್ದು ಯಾವಾಗ, ಮದುವೆ ಯಾವಾಗ, ಮಗು ಯಾವಾಗ, ಮೂರನೆಯ ಇಯತ್ತೆಯ ಹುಡುಗಿಯೂ ಬಿಡಿಸುವ ಲೆಕ್ಕ. ಆದರೆ ಬಿಡಿಸಬೇಕಾದವರು ಲೆಕ್ಕವನ್ನೇ ಹಾಕಲಿಲ್ಲ. ತೊಟ್ಟಿಲು ತೂಗುವಾಗಲೂ ಅತ್ತೆ ಹಾಡಲಿಲ್ಲ. ಹಾಡಬೇಡ ಎಂದು ಯಾರೂ ಹೇಳಿರಲಿಲ್ಲ. ಹಗ್ಗ ಕಿರ್ ಎನ್ನುವ ಸದ್ದಿಗೇ ಮಗು ಮಲಗುವುದನ್ನು ಕಲಿಯಿತು.

ಹಾಡು ಮಾತ್ರ ಅವಳನ್ನು ಬಿಡಲಿಲ್ಲ. ರೇಡಿಯೋದಲ್ಲಿ ಬಂತು, ಕ್ಯಾಸೆಟ್ಟಿನಲ್ಲಿ ಬಂತು, ಭೀಮಶಿಯ ಮದುವೆಯ ಬ್ಯಾಂಡಿನಲ್ಲಿ ಬಂತು. ಬಂದಾಗಲೆಲ್ಲ ಮಾವ ಇದ್ದ ಜಾಗದಿಂದ ಎದ್ದು ಹೋಗುತ್ತಿದ್ದರು, ಅತ್ತೆ ಇದ್ದ ಜಾಗದಲ್ಲೇ ಕುಳಿತಿರುತ್ತಿದ್ದಳು. ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ಮನೆಯಲ್ಲಿ ಇಬ್ಬರು ಹೀಗೆ ಬದುಕಿದರು. ಮಾವ ತೀರಿಕೊಂಡಾಗ ಮೂಲೆಯಲ್ಲಿ ಅರ್ಧ ಚೀಲ ಹಿಟ್ಟು ಉಳಿದಿತ್ತು. ಅವರೇ ತಂದದ್ದು.

ಸಂಗೀತ ನಿರ್ದೇಶಕರು ತೀರಿಕೊಂಡ ದಿನ ಟೀವಿಯಲ್ಲಿ ಅವರ ಹಳೆಯ ಸಂದರ್ಶನ ಹಾಕಿದರು. ಆ ಹಾಡು ಹೇಗೆ ಹುಟ್ಟಿತು ಎಂದು ಯಾರೋ ಕೇಳಿದ್ದರು. “ನಮ್ಮ ಕಡೆಯ ಜನಪದ. ಹೆಸರಿಲ್ಲದ ತಾಯಂದಿರ ಆಸ್ತಿ,” ಎಂದರು ಅವರು, ಕಣ್ಣು ಮುಚ್ಚಿಕೊಂಡು. ಸಭೆ ಚಪ್ಪಾಳೆ ತಟ್ಟಿತು. ಅವಳನ್ನು ಕಾಪಾಡಲು ಹಾಗೆಂದರೋ, ನಿಜವಾಗಿ ಮರೆತಿದ್ದರೋ, ನನಗೆ ತಿಳಿಯದು. ಅದನ್ನು ತಿಳಿದವರು ಈಗ ಇಲ್ಲ. ಮುಂದಿನ ವಾರ ನಾನು ಘೋಡಗೇರಿಗೆ ಹೋದೆ. ಅತ್ತೆಯೂ ಅದನ್ನು ನೋಡಿದ್ದಳು.

“ಹೆಸರ ಹೇಳಲಿಲ್ಲ, ಚಲೋ ಮಾಡಿದ,” ಎಂದಳು. “ಹೆಸರ ಮುಚ್ಚಿಟ್ನಿ, ಆತು ಅಂತ ತಿಳದಿರಬೇಕ. ಧಾಟೀನ ನಮ್ಮ ಹೆಸರ ಅಂತ ಅಂವಗ ಯಾರ ಹೇಳಬೇಕ? ಗಂಡಸ ಅಂವಾ.”

ಕರದಂಟಿನ ಮಾತು ಹೇಳಿದೆನಲ್ಲ, ಅದು ಆ ದಿನವೇ. ಗೋಡೆಯ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅತ್ತೆ ಒಂದು ಮಾತು ಅಂದಳು. ಅವಳು ನನ್ನಿಂದ ಜೀವಮಾನದಲ್ಲಿ ಕೇಳಿದ್ದು ಅದೊಂದೇ.

“ಬಚ್ಚಲದಾಗಿನ ಕಲ್ಲ ತಗಸ. ನನ್ನ ಧಾಟಿ ನಿನಗ ಕೊಟ್ಟ ಹೋಗತೇನಿ. ಆಮ್ಯಾಲ ನನ್ನ ಕಡೆ ಏನೂ ಉಳಿಯೂದಿಲ್ಲ.”

“ಅತ್ತಿ, ನನ್ನ ದನಿ ಕೇಳಿದ್ರ ಸಾಲ್ಯಾಗ ಹುಡುಗೂರು ನಗತಾವು.”

“ನಗಲಿ. ದನಿ ಯಾರ ಕೇಳ್ಯಾರ? ಇಟ್ಕೊ ಅಂದ್ನಿ.”

ಭೀಮಶಿ ಸಬ್ಬಲ್ಲು ಹಾಕಿ ಕಲ್ಲು ಕಿತ್ತ. ಅಷ್ಟು ವರ್ಷ ಸಾಬೂನು ತಿಂದು ಅದು ನುಣ್ಣಗಾಗಿತ್ತು. ಕಣಗಲಾದಿಂದ ಕಲ್ಲು ಕಟೆಯುವವನನ್ನು ಕರೆಸಿ ಉಳಿ ಹೊಡೆಸಿದೆವು. ಹೊಸ ಗೂಟ ಹಾಕಿಸಿದೆವು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಒಂದು ಕಾಲು ಚಾಚಿ, ಕಲ್ಲಿನ ಮುಂದೆ ಕುಳಿತಳು. ಕೈ ತಾನಾಗಿಯೇ ಗೂಟ ಹಿಡಿಯಿತು. ನಾನು ಎದುರು ಕುಳಿತು ಮೊಬೈಲಿನಲ್ಲಿ ಧ್ವನಿ ಮುದ್ರಿಸಲು ಇಟ್ಟೆ. ಅವಳು ಹಿಡಿಯಷ್ಟು ಜೋಳ ಹಾಕಿದಳು. ಕಲ್ಲು ತಿರುಗಿತು. ಅದೇ ವಾಸನೆ ಎದ್ದಿತು.

ಮೊದಲ ಸಾಲು ಬಂತು. ಒಡೆದ ದನಿ, ಆದರೆ ನೆಟ್ಟಗೆ ಬಂತು. ಎರಡನೆಯದೂ ಬಂತು. ಮೂರನೆಯ ಸಾಲು ಮೇಲಕ್ಕೆ ಹೋಯಿತು.

ಅತ್ತೆ ನಿಂತಳು. “ಇದಲ್ಲ,” ಎಂದಳು. ಮತ್ತೆ ಮೊದಲಿನಿಂದ ಹಿಡಿದಳು. ಮತ್ತೆ ಮೇಲಕ್ಕೇ ಹೋಯಿತು. ಸಿನಿಮಾದಲ್ಲಿ ಹೋಗುವಂತೆಯೇ, ಕೊನೆಯಲ್ಲಿ ಪಿಟೀಲು ಎಳೆಯುವ ಜಾಗದಲ್ಲಿ ಉಸಿರು ತಡೆಯುವುದೂ ಹಾಗೆಯೇ. ಅವಳು ಕಣ್ಣು ಮುಚ್ಚಿದಳು. ಕಲ್ಲನ್ನು ನಿಧಾನ ಮಾಡಿದಳು, ಜೋರು ಮಾಡಿದಳು. ಎಡಗೈಯಿಂದ ತಿರುಗಿಸಿದಳು. ಎಡಗೈಗೆ ಬೇರೆ ನೆನಪು ಇದ್ದೀತೆಂದು ಇರಬೇಕು. ಬುಟ್ಟಿಯ ಜೋಳ ಮುಗಿಯಿತು, ಸುತ್ತಲೂ ಹಿಟ್ಟು ಬಿದ್ದಿತು.

“ಇದು ಅಂವಂದು,” ಎಂದಳು. “ನಂದು ಎಲ್ಲಿ ಹೋತು?”

ನಾನು ಮೊಬೈಲಿನ ಮುದ್ರಣ ನಿಲ್ಲಿಸಿದೆ.

“ನಿಮ್ಮವ್ವಗ ಗೊತ್ತಿತ್ತು, ಸತ್ತಳು. ತಂಗೆವ್ವಗ ಗೊತ್ತಿತ್ತು, ಸತ್ತಳು. ನೀ ಸಣ್ಣಾಕಿದ್ದಾಗ ಕೇಳಿದ್ದೆಲ್ಲಾ? ನೆನಪ ಮಾಡಕೊ. ಕೆಳಗ ಇಳೀತಿತ್ತ ಅದು. ಹೆಂಗ ಇಳೀತಿತ್ತ?”

ನಾನು ನೆನಪು ಮಾಡಿಕೊಂಡೆ. ನೆನಪು ಮಾಡಿಕೊಂಡಷ್ಟೂ ಲೌಡ್‌ಸ್ಪೀಕರ್, ಬೇವಿನ ಮರ, ತುಪ್ಪ. ನನ್ನ ಕಿವಿಯಲ್ಲೂ ಇದ್ದದ್ದು ಅದೊಂದೇ ಹಾಡು, ಮೂರನೆಯ ಸಾಲಿಗೆ ಮೇಲೇರುವುದು. ಇಲ್ಲ ಎಂದು ತಲೆ ಆಡಿಸಿದೆ. ಅತ್ತೆ ನನ್ನನ್ನು ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಮೇಲವಂಕಿಯ ಆ ಗೋಡೆ, ಘೋಡಗೇರಿಯ ಆ ಮೌನ, ಎಲ್ಲವನ್ನೂ ಅವಳು ತಡೆದುಕೊಂಡದ್ದು ಧಾಟಿ ತನ್ನೊಳಗೆ ಹಾಗೆಯೇ ಇದೆ ಎಂಬ ಧೈರ್ಯದ ಮೇಲೆ. ಬಾಯಿ ಮುಚ್ಚಿಕೊಂಡಿದ್ದಳು, ಕಿವಿ ಮುಚ್ಚಿಕೊಳ್ಳಲು ಆಗಿರಲಿಲ್ಲ. ಅಷ್ಟು ವರ್ಷ ಹೊರಗಿನ ಹಾಡು ಒಳಗಿನದರ ಮೇಲೆ ಬಿದ್ದು ಬಿದ್ದು ಅದನ್ನು ಅಳಿಸಿಬಿಟ್ಟಿತ್ತು.

ಆ ಧ್ವನಿಮುದ್ರಣವನ್ನು ನಾನು ತೆಗೆದುಹಾಕಿದೆ. ಕೇಳಿದರೆ ಯಾರಾದರೂ, ಅಜ್ಜಿ ಸಿನಿಮಾ ಹಾಡನ್ನು ಎಷ್ಟು ಚಂದ ಹಾಡ್ತಾಳೆ ಎನ್ನುತ್ತಿದ್ದರು.

ಕಳೆದ ಭಾನುವಾರಕ್ಕೆ ಎರಡು ದಿನ ಮೊದಲು ಭೀಮಶಿ ಫೋನು ಮಾಡಿದ್ದ. “ಅಕ್ಕಾ, ಅವ್ವ ದಿನಾ ಮಧ್ಯಾಹ್ನ ಕಲ್ಲಿನ ಮುಂದ ಕುಂಡ್ರತಾಳ. ಕಾಳ ಹಾಕಂದ್ರ ಹಾಕೂದಿಲ್ಲ. ಬಾಯಿ ಬಿಡೂದಿಲ್ಲ. ಬರಿಗಲ್ಲ ತಿರಗಸ್ತಾಳ. ಬಾಯಿಗಿ ಮರತೈತಿ, ಕೈಗಿ ಮರತಿಲ್ಲಂತಾಳ. ಬಾಯಿ ನಡುವ ಬರದಿದ್ರ ಕೈಯಾಗಿಂದ ಬರ್ತೈತಂತ. ನೀ ಒಂದಿಷ್ಟ ಹೇಳ ಅಕಿಗಿ.” ಹೇಳುತ್ತೇನೆ ಎಂದೆ. ಇನ್ನೂ ಹೋಗಿಲ್ಲ. ಏನು ಹೇಳಬೇಕೆಂದು ಹೊಳೆದಿಲ್ಲ.

ಆ ಭಾನುವಾರ ಗಿರಣಿಯ ಹೊರಗೆ ರಸ್ತೆಯಲ್ಲಿ ನಿಂತಿದ್ದೆನಲ್ಲ. ಹಾಡು ಮುಗಿಯಿತು. ಒಳಗೆ ನನ್ನ ಮುಂದಿನವರ ಗೋಧಿಯೂ ಮುಗಿದಿತ್ತು. ಸಿದ್ರಾಯಣ್ಣ ತಟ್ಟನೆ ಗಿರಣಿ ಬಂದ್ ಮಾಡಿ ನನ್ನನ್ನು ಕೂಗಿದ.

“ಅಕ್ಕಾರ, ಜಲ್ದಿ ಒಳಗ ಬರ್ರಿ. ನೀವು ಹೊರಗ ನಿಂತ್ರ ಹೆಂಗ?”

“ಚಾಲೂ ಇಡಬೇಕಿಲ್ಲೋ ಅಣ್ಣಾ, ನಾ ಬರ್ತಿದ್ನಿ.”

“ಬರಿಗಲ್ಲ ತಿರಗಸಬಾರದ್ರಿ,” ಎಂದ ಅವನು, ನನ್ನ ಜೋಳವನ್ನು ಸುರಿಯುತ್ತ. “ನಡುವ ಕಾಳ ಇಲ್ಲಂದ್ರ ಕಲ್ಲ ಕಲ್ಲನ್ನ ತಿಂತಾವು.”

ಹಿಟ್ಟು ಬಿಸಿಬಿಸಿಯಾಗಿ ಡಬ್ಬಿಗೆ ಬಿತ್ತು. ಅದನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಗೆ ಬಂದೆ. ಮಧ್ಯಾಹ್ನವಾಗಿತ್ತು. ಘೋಡಗೇರಿಯಲ್ಲಿ ಅತ್ತೆ ಕಲ್ಲಿನ ಮುಂದೆ ಕೂರುವ ಹೊತ್ತು.